ಹಿಂದಿನ ಕುರ್ಚಿಯ ಸರದಿ

ಬಸ್ ಓಡಿಸುವ ಡ್ರೈವರಮ್ಮ ಎಂಥ ಟ್ರಾಫಿಕ್ಕಿಗೂ ತಲೆ ಕೆಡಿಸಿಕೊಂಡವಳಲ್ಲ. ಆದರೆ ಆ ಸೋಮವಾರ ಮಗಳು ಬೂಟು ಕಟ್ಟಿಕೊಂಡು ಹೊಸ್ತಿಲಲ್ಲೇ ಕೂತು, "ಇನ್ಮೇಲೆ ಶಾಲೆಗೆ ಹೋಗಲ್ಲ" ಎಂದಾಗ ಅವಳು ಡ್ಯೂಟಿಯ ಹೊತ್ತನ್ನೂ ಮರೆತು ಪಕ್ಕದಲ್ಲೇ ಕೂತುಬಿಟ್ಟಳು. ಬಸ್ ಟಿಕೆಟ್ಟಿನ ಹಿಂಬದಿಯನ್ನೂ ಬಿಡದೆ ಓದುವ ಹುಡುಗಿ ಅದು! ಕೆದಕಿ ಕೇಳಿದ ಮೇಲೆ ಗೊತ್ತಾಯಿತು: ತರಗತಿಯಲ್ಲಿ ಅವಳನ್ನು 'ಇದ್ದಿಲು' ಎಂದು ಕರೆಯುತ್ತಾರೆ. ತಮ್ಮ ಹಾಗೆ ವಲಸೆ ಬಂದ ಮನೆಗಳ ಕಪ್ಪು ಮಕ್ಕಳಿಗೆಲ್ಲ ಹಿಂದಿನ ಬೆಂಚೇ ಗತಿ. ಮೇಷ್ಟ್ರು ಎಲ್ಲ ಕೇಳಿಸಿಕೊಂಡೂ ಬೋರ್ಡಿನ ಕಡೆ ತಿರುಗಿಬಿಡುತ್ತಾರೆ.

ಹೆಡ್‌ಮಿಸ್ಸಿಗೆ ಹೇಳಿದರೆ, "ಮಕ್ಕಳಾಟ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಆಟವಂತೆ ಆಟ!

ಕೋರ್ಟಿನಲ್ಲಿ ಟೈಪಿಸ್ಟಾಗಿದ್ದ ಮೈದುನ, ಇದಕ್ಕೊಂದು ಕಾನೂನು ಬರಬೇಕೆಂಬ ಅತ್ತಿಗೆಯ ಕೂಗಾಟವನ್ನೆಲ್ಲ ಕೇಳಿ ನಕ್ಕ. "ಹೊಸ ಕಾನೂನು ಯಾಕೆ ಅತ್ತಿಗೆ, ಇರೋದೇ ಸಾಕು. ಬಣ್ಣ ನೋಡಿ ಮಕ್ಕಳನ್ನ ಬೇರೆ ಕೂರಿಸೋ ಹಾಗಿಲ್ಲ. ಮನೆಯವರು ಯಾವತ್ತು ಬೇಕಾದ್ರೂ ತರಗತೀಲಿ ಹೋಗಿ ಕೂತು ನೋಡಬಹುದು. ಬೇಡ ಅನ್ನೋಕೆ ಶಾಲೆಗೆ ಅಧಿಕಾರ ಇಲ್ಲ. ಹಿತ್ತಲ ಗಿಡ ಮದ್ದಲ್ಲ, ಅದಕ್ಕೇ ಯಾರೂ ಬಳಸಲ್ಲ."

ಮರುದಿನ ಡ್ರೈವರಮ್ಮ ಖಾಕಿ ಅಂಗಿಯಲ್ಲೇ ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು. ಅಬ್ಬಾ, ಮೇಷ್ಟ್ರ ಬಾಯಲ್ಲಿ ಬೆಣ್ಣೆ ಕರಗಿತು! ಅವಳು ಡ್ಯೂಟಿಗೆ ಹೋದ ದಿನ ಮತ್ತೆ ಅದೇ ರಾಗ ಅದೇ ತಾಳ. ಮಗಳು ರಾತ್ರಿ ಊಟ ಮುಟ್ಟಲಿಲ್ಲ. ಡ್ರೈವರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಒಬ್ಬಳೇ ಎಷ್ಟು ದಿನ ರಜೆ ಹಾಕಿಯಾಳು? ಆದರೆ ಕಾನೂನು ಒಬ್ಬರೇ ಬರಬೇಕೆಂದು ಹೇಳಿರಲಿಲ್ಲವಲ್ಲ. ಶಾಲೆಯ ಗೇಟಿನಲ್ಲಿ ನಿಂತು ಹಿಂದಿನ ಬೆಂಚಿನ ಮಕ್ಕಳ ತಂದೆತಾಯಂದಿರನ್ನು ಹಿಡಿದಳು.

"ನಂಗೆ ಓದೋಕೇ ಬರಲ್ಲ. ಅಲ್ಲಿ ಕೂತು ಏನ್ ಮಾಡ್ಲಿ ತಾಯಿ?" ಎಂದ ಬೇಕರಿಯವನು.

"ಏನೂ ಮಾಡ್ಬೇಡಿ. ಕಣ್ಣು ಬಿಟ್ಕೊಂಡು ಕೂತಿರಿ, ಸಾಕು."

ಸರದಿ ಶುರುವಾಯಿತು. ಒಂದು ದಿನ ನರ್ಸು, ಒಂದು ದಿನ ಟೈಲರ್. ರಾತ್ರಿಯೆಲ್ಲ ಬ್ರೆಡ್ಡು ಬೇಯಿಸಿ ಬಂದಿದ್ದ ಬೇಕರಿಯವನಿಗೆ ಕಣ್ಣು ಬಿಟ್ಟುಕೊಂಡಿರುವುದೊಂದೇ ಆಗಲಿಲ್ಲ, ಗೊರಕೆ ಹೊಡೆದ. ಮುಂದಿನ ಬೆಂಚು, ಹಿಂದಿನ ಬೆಂಚು ಎನ್ನದೆ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು.

ಕೊನೆಗೆ ಮೇಷ್ಟ್ರು ಈ ಸರದಿಯ ಮೇಲೆ ದೂರು ಒಯ್ದಾಗ ಹೆಡ್‌ಮಿಸ್, "ಕಾನೂನಿದೆ ಸಾರ್, ನಾನೇನ್ ಮಾಡ್ಲಿ? ಬೆಂಚುಗಳನ್ನ ವಾರವಾರ ಬದಲಾಯಿಸಿ, ಅವರೇ ಬರೋದು ಬಿಡ್ತಾರೆ" ಎಂದರಂತೆ. ಮನಸ್ಸು ಬದಲಾಗದಿದ್ದರೂ ಬೆಂಚು ಬದಲಾಯಿತು. ಸದ್ಯಕ್ಕೆ ಅಷ್ಟಾದರೂ ಆಯಿತಲ್ಲ.

ಆದರೂ ಸರದಿ ನಿಲ್ಲಲಿಲ್ಲ. ಡ್ರೈವರಮ್ಮನ ಸರದಿಯ ದಿನ ಬಸ್ಸು ಕೆಟ್ಟು ತಡವಾಯಿತು. ಏದುಸಿರು ಬಿಡುತ್ತ ವರಾಂಡಕ್ಕೆ ಬಂದವಳಿಗೆ ಒಳಗಿಂದ ಒಬ್ಬ ಹುಡುಗನ ದನಿ ಕೇಳಿಸಿತು: "ಏ ಇದ್ದಿಲು, ಪಕ್ಕಕ್ಕೆ ಹೋಗು." ಅವಳ ಕೈ ಬಾಗಿಲ ಚಿಲಕಕ್ಕೆ ಹೋಯಿತು.

ಅಷ್ಟರಲ್ಲಿ ಮಗಳು ಎದ್ದು ನಿಂತಿದ್ದು ಪಕ್ಕದ ಕಿಟಕಿಯಿಂದ ಕಂಡಿತು. "ಸಾರ್, ಇವನು ಅಂದಿದ್ದು ನಿಮಗೆ ಕೇಳಿಸ್ತಾ?"

ಮೇಷ್ಟ್ರು ಬೋರ್ಡಿನ ಕಡೆ ಅರ್ಧ ತಿರುಗಿದ್ದವರು ಹಾಗೇ ನಿಂತರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟರು.

"ಕೇಳಿಸ್ತಮ್ಮ," ಎಂದರು. "ಕೂತ್ಕೋ. ಪಾಠ ಆಮೇಲೆ ಮಾಡೋಣ. ಏಳೋ ನೀನು, ಮೊದಲು ಇದನ್ನ ಮಾತಾಡೋಣ."

ಡ್ರೈವರಮ್ಮ ಚಿಲಕದಿಂದ ಕೈ ತೆಗೆದಳು. ಹಿಂದಿನ ಕುರ್ಚಿ ಖಾಲಿಯಾಗಿಯೇ ಇತ್ತು.