ಗಾಯರಾಣದ ಶಕುಂತಲಾಬಾಯಿ

ಶಕುಂತಲಾಬಾಯಿ ನಡೆಯುವುದನ್ನು ಮೊದಲ ಸಲ ಕಂಡವರು ಊರಲ್ಲೆಲ್ಲೋ ಬೆಂಕಿ ಬಿದ್ದಿದೆಯೆಂದೇ ತಿಳಿಯುತ್ತಿದ್ದರು. ಇಳಕಲ್ಲ ಸೀರೆಯ ಮೇಲೆ ಗಂಡನ ಹಳೆಯ ಬೂದು ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ, ಹಿಂದೆ ಏದುಸಿರು ಬಿಡುತ್ತ ಬರುವ ಪಂಚಾಯಿತಿ ಕಾರ್ಯದರ್ಶಿ: ಹುಮನಾಬಾದಿನ ಆಚೆಯ ಆ ಊರಿಗೆ ಇದು ನಿತ್ಯದ ಮೆರವಣಿಗೆ. ವೈಶಾಖದ ಬಿಸಿಲಲ್ಲೂ ಕೋಟೇಕೆಂದರೆ, ಅದರ ಒಳಜೇಬಿನಲ್ಲಿ ಪಂಚಾಯಿತಿ ಅಧ್ಯಕ್ಷೆಯಾದ ಆಕೆಯ ರಬ್ಬರ್ ಶಿಕ್ಕಾ ಇರುತ್ತಿತ್ತು. ಹಿಂದಿನ ಅಧ್ಯಕ್ಷೆಯರ ಶಿಕ್ಕಾಗಳೆಲ್ಲ ಗಂಡಂದಿರ ಕೈಯಲ್ಲೇ ಸವೆದದ್ದನ್ನು ಈಕೆ ಬಲ್ಲಳು. ಪತಿ ಧನರಾಜ ಒಮ್ಮೆ ಸಲಿಗೆಯಿಂದ ಆ ಜೇಬಿಗೆ ಕೈಹಾಕಿದಾಗ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋದಳಂತೆ. ಆಮೇಲೆ ಪುಣ್ಯಾತ್ಮ ಅದರ ತಂಟೆಗೆ ಹೋಗಲಿಲ್ಲ.

ಯಾರು ಏನೇ ಕೇಳಿದರೂ ಅವರ ಮಾತು ಮುಗಿಯುವ ಮುನ್ನವೇ “ಆತು ತಿಳೀರಿ” ಎನ್ನುವುದು ಆಕೆಯ ಚಟ. ಅಂದದ್ದು ಆಗಿಯೇ ತೀರುತ್ತಿತ್ತು, ಅದೇ ಫಜೀತಿ. ಹಿಂದೊಂದು ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬಳು ಬಿಸಿಲಿನ ಝಳಕ್ಕೆ ಕುಸಿದು ಸತ್ತಳು. ಊರಿಗೆ ನೆರಳು ಬೇಕೆಂದು ಶಕುಂತಲಾಬಾಯಿ ಅಂದೇ ಹಟ ತೊಟ್ಟಳು. ದನಕುರಿಗಳು ಮೇಯುವ, ಚಿಗರಿಗಳು ಓಡಾಡುವ ಗಾಯರಾಣದ, ಅಂದರೆ ಊರ ಗೋಮಾಳದ, ಹುಲ್ಲು ಆಕೆಯ ಕಣ್ಣಿಗೆ ಬರಿಯ ಬಂಜರಾಗಿ ತೋರಿತು. ಅದರ ತುಂಬ ಗುಣಿ ತೋಡಿಸಿ ಸಸಿ ನೆಡಿಸಿದಳು. ದನಕುರಿಗಳು ಸಸಿಗೆ ಬಾಯಿ ಹಾಕಬಾರದೆಂದು ಸುತ್ತಲೂ ಆಳದ ಕಂದಕ ತೆಗೆಸಿದಳು. ಹವಾಮಾನ ಬದಲಾವಣೆಗೆ ಎದುರಾಗಿ ಪಂಚಾಯಿತಿಯೊಂದು ಹೀಗೆ ಎದ್ದು ನಿಂತಿತೆಂದು ಬಸವಕಲ್ಯಾಣದ ಸಭೆಯಲ್ಲಿ ಅಧಿಕಾರಿಗಳು ಆಕೆಗೆ ಶಾಲು ಹೊದಿಸಿದರು.

ಕೆರೆ ಗಾಯರಾಣದ ಆಚೆಗಿತ್ತು, ದನಕುರಿಗಳು ನೀರಿಗೆ ಹೋಗುವ ದಾರಿಯನ್ನು ಕಂದಕ ಕಡಿದಿತ್ತು. ಕುರಿ ಕಾಯುವ ದತ್ತಾತ್ರಿ ಎಷ್ಟೋ ಸಲ ಬಂದು ದಾರಿ ಬಿಡಿಸಿಕೊಡಿರೆಂದು ಅಂಗಲಾಚಿದ. ಅದೊಂದಕ್ಕೆ ಮಾತ್ರ ಆಕೆ “ಆತು” ಎನ್ನಲಿಲ್ಲ, ಕಿವಿಗೂ ಹಾಕಿಕೊಳ್ಳಲಿಲ್ಲ. ಈ ಬೇಸಿಗೆ ಆತ ಬೇಡುವುದನ್ನು ಬಿಟ್ಟು ತನ್ನವರೊಂದಿಗೆ ಸಲಿಕೆ ಹಿಡಿದು ಕಂದಕ ಮುಚ್ಚಲು ಇಳಿದ. ಕಂದಕದ ಕೆಲಸದ ಉಸ್ತುವಾರಿ ಹೊತ್ತ ಎಂಜಿನಿಯರರು ಪೊಲೀಸರನ್ನು ಕರೆಸುತ್ತೇನೆಂದು ಫೋನು ತೆಗೆದರು. ಸುದ್ದಿ ತಿಳಿದ ಶಕುಂತಲಾಬಾಯಿ ಬಿರಬಿರನೆ ಬಂದವಳು ಅಂಚಿನಲ್ಲಿ ಗಕ್ಕನೆ ನಿಂತಳು. ಕೆಳಗೆ ಚಿಗರಿಯ ಮರಿಯೊಂದು ಮುಂಗಾಲು ಮುರಿದುಕೊಂಡು ಬಿದ್ದಿತ್ತು. ಪಕ್ಕೆ ಇನ್ನೂ ಏರಿಳಿಯುತ್ತಿತ್ತು. ತಾಯಿ ಆಚೆ ದಡದಲ್ಲಿ ಓಡಲಾರದೆ, ಬರಲಾರದೆ ನಿಂತಿತ್ತು.

ಕಂದಕ ಮುಚ್ಚಿದರೆ ಸಸಿಗಳ ಕಥೆ ಮುಗಿದಂತೆ, ಮೇಲಿನವರಿಗೆ ನೀವೇ ಉತ್ತರ ಕೊಡಬೇಕಾದೀತು, ಕುರ್ಚಿಗೂ ಕುತ್ತು ಎಂದು ಎಂಜಿನಿಯರರು ತಗ್ಗಿದ ದನಿಯಲ್ಲಿ ಎಚ್ಚರಿಸಿದರು. ದತ್ತಾತ್ರಿ ಸಲಿಕೆ ಊರಿ ತಲೆಯೆತ್ತಿದ.

“ಅಕ್ಕಾರ, ನೆರಳ ನಿಮಗ ಬೇಕಾಗಿತ್ತು, ಖರೇ. ನೀರ ಇವಕ್ಕ ಬ್ಯಾಡೇನ್ರಿ?”

ಶಾಲು ಹೊದಿಸಿಕೊಂಡ ದಿನ ಹಿಗ್ಗಿದ್ದು ನೆನಪಾಗಿ ಶಕುಂತಲಾಬಾಯಿಗೆ ನಾಚಿಕೆಯಾಯಿತು. ಅಧಿಕಾರಿಗಳ ಕೋಪದ ಹೆದರಿಕೆಯೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆಕೆ ಕಂದಕದಿಂದ ತೆಗೆದ ಮಣ್ಣಿನ ದಿಬ್ಬದ ಮೇಲೆ ಕುಳಿತಳು.

“ತಪ್ಪು ನಂದ ಅದ. ಓಣಿ ಓಣಿಗೆ ಹಚ್ಚಬೇಕಾದ ಗಿಡಾ ಇಲ್ಲಿ ತಂದು ಹಚ್ಚಿಸೀನಿ. ಮುಚ್ಚರಿ.”

ಮರಿ ಉಳಿಯಲಿಲ್ಲ. ಕೆರೆಯ ದಾರಿ ತೆರೆಯಿತು. ಶಕುಂತಲಾಬಾಯಿಯ ಮೇಲಿನ ಅವಿಶ್ವಾಸದ ಅರ್ಜಿಗೆ ಪಂಚಾಯಿತಿ ಸದಸ್ಯರ ಸಹಿ ಬೀಳತೊಡಗಿದೆ.

ವಿಧಾನಸಭೆಯಂಥ ದೊಡ್ಡ ಸಭೆಗಳಲ್ಲಿ ತಪ್ಪು ಮಾಡಿದವರು ಆ ತಪ್ಪಿನ ನೆರೆಯಲ್ಲಿ ಬಾಳಬೇಕಾಗಿಲ್ಲ. ಹಳ್ಳಿಯ ಪಂಚಾಯಿತಿಯವರಿಗೆ ಆ ಅನುಕೂಲವಿಲ್ಲ. ತಾವು ಮಾಡಿಸಿದ್ದನ್ನು ಮರುದಿನವೇ ದಾಟಿ ಹೋಗಬೇಕು, ಅದರಿಂದ ನೊಂದವರ ಕಣ್ಣು ನೋಡಬೇಕು. ಆಗ ಮುಖ ತಿರುಗಿಸುವವರೇ ಬಹಳ, ಅವರು ಮತ್ತೆ ಮತ್ತೆ ಆರಿಸಿ ಬರುತ್ತಾರೆ. ತಿರುಗಿಸಲಾರದವರನ್ನು ನಾವು ಸಾಮಾನ್ಯವಾಗಿ ಸೋಲಿಸುತ್ತೇವೆ.