ಬಟಾಣಿ ಪಾಸ್ತಾಕ್ಕೆ ಬಟ್ಟೆ ಕತ್ತರಿ

ಹಸಿ ಬಟಾಣಿ ಬಂದ ವಾರ ನಮ್ಮನೆಯಲ್ಲಿ ಹೂರಣ ತುಂಬಿದ ಪಾಸ್ತಾ. ನಾನು ಹಿಟ್ಟು ಲಟ್ಟಿಸುವುದು, ಅಕ್ಕ ಅದನ್ನು ಚೌಕ ಚೌಕ ಕತ್ತರಿಸಿ ಪುಟ್ಟ ಚೀಲ ಮಾಡುವುದು, ಭಾವ ಬಟಾಣಿ ಸುಲಿಯುತ್ತಾ ಅರ್ಧ ತಿಂದುಬಿಡುವುದು.

ಅಕ್ಕ ಬಟ್ಟೆ ಹೊಲಿಯುವವಳು. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತ್ತು. ಈಗ ಬೆರಳು ಮಡಚುತ್ತವೆ, ಆದರೆ ನಡುಗುತ್ತವೆ. ಹೊಲಿಗೆ ಅಂಗಡಿಯ ಬಾಗಿಲು ಮತ್ತೆ ತೆಗೆಯುವ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದಳು.

"ಚಾಕು ಜಾರುತ್ತೆ ಕಣೇ," ಎಂದು ಒಳಗೆ ಹೋದವಳು ತನ್ನ ದೊಡ್ಡ ಕತ್ತರಿ ತಂದಳು.

ಲಟ್ಟಣಿಗೆ ನನ್ನ ಕೈಯಲ್ಲೇ ನಿಂತಿತು. ಆ ಕತ್ತರಿ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿದ್ದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

"ಅಕ್ಕ, ಅದು ಬಟ್ಟೇದು."

"ಇನ್ಯಾವ ಬಟ್ಟೆ."

ಭಾವ ಬಾಯಲ್ಲಿದ್ದ ಬಟಾಣಿ ಅಗಿಯುವುದನ್ನೇ ಮರೆತರು.

ಮೊದಲ ಸೀಳು ಸೊಟ್ಟಗಾಯಿತು. ಎರಡನೆಯದರಲ್ಲಿ ಹಿಟ್ಟಿನ ಹಾಳೆ ಹರಿಯಿತು. ಮೂರನೆಯದಕ್ಕೆ ಹೆಬ್ಬೆರಳು ತನ್ನ ಹಳೆಯ ಜಾಗ ಹುಡುಕಿಕೊಂಡಿತೇನೋ, ಕತ್ತರಿ ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ, ಅಂಚಿನವರೆಗೆ ಹೋಯಿತು. ಚೌಕ ಮಾತ್ರ ಅಂಗೈಯಗಲ.

"ಇಷ್ಟು ದೊಡ್ಡದಾ? ಇದೇನು ಪಾಸ್ತಾನಾ, ದಿಂಬಾ?" ಎಂದೆ.

"ಹೊಲಿಗೆಗೆ ಅರ್ಧ ಇಂಚು ಬಿಡಬೇಡ್ವಾ?" ಅಂದುಬಿಟ್ಟಳು ಅಕ್ಕ.

"ಹಾಗಾದ್ರೆ ಗುಂಡೀನೂ ಹಾಕ್ಬಿಡು," ಅಂದರು ಭಾವ. "ಬಿಚ್ಕೊಂಡು ತಿಂತೀವಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಉಳಿದ ಹಾಳೆಗೆ ಕತ್ತರಿ ಹಾಕಿದಳು. ಎಲ್ಲವೂ ದೊಡ್ಡವೇ. ಎಲ್ಲಕ್ಕೂ ಅರ್ಧ ಇಂಚು.

ಬಟಾಣಿ, ಪುದೀನ ತುಂಬಿ ಅಂಚು ಒತ್ತುತ್ತಿದ್ದೆವು. ಅಕ್ಕನ ಕಣ್ಣು ಕತ್ತರಿಯ ತಿರುಪಿನ ಮೇಲೆ ಬಿತ್ತು. ಸಂದಿಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಎದ್ದು ಹೋಗಿ ತೊಳೆದಳು, ಮೆತ್ತನೆಯ ಬಟ್ಟೆಯಲ್ಲಿ ಅಲಗೆರಡನ್ನೂ ಒರೆಸಿದಳು, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟಳು. ತೆರೆದಳು, ಮುಚ್ಚಿದಳು, ಕಿವಿ ಹತ್ತಿರ ಹಿಡಿದು ಸದ್ದು ಕೇಳಿದಳು.

"ನೀರು ಕುದೀತಿದೆ, ಬಾರೇ," ಎಂದು ಭಾವ ಕೂಗಿದರು.

"ಕುದೀಲಿ ಬಿಡಿ. ಇದಕ್ಕೆ ತುಕ್ಕು ಹಿಡಿದ್ರೆ ನಾಳೆ ಸಾಣೆ ಹಿಡಿಸೋಕೆ ನೀವು ಹೋಗ್ತೀರಾ?"

"ಹೋಗ್ತೀನಿ," ಅಂದರು ಭಾವ, ಮೆಲ್ಲಗೆ.

ನಾನು ಒಲೆ ಸಣ್ಣ ಮಾಡಿದೆ.