ಬಚ್ಚಲಲ್ಲಿ ಬಿದ್ದವರು

ಲಾಂಡ್ರಿಯ ಒಳಕೋಣೆಯಲ್ಲಿ ಬೆಡ್‌ಶೀಟ್ ಮಡಿಸುವುದಕ್ಕೆ ಇಬ್ಬರು ಬೇಕು. ಎದುರುಬದುರು ನಿಂತು ತುದಿಗಳನ್ನು ಹಿಡಿದು, ಒಮ್ಮೆ ಬಲವಾಗಿ ಜಗ್ಗಿ ಸುಕ್ಕು ಬಿಡಿಸಿ, ಆಮೇಲೆ ತುದಿಗೆ ತುದಿ ಕೂಡಿಸಲು ಹತ್ತಿರ ಬರಬೇಕು. ಯಂತ್ರಗಳ ಗದ್ದಲದಲ್ಲಿ ದೂರ ನಿಂತು ಆಡಿದ ಮಾತು ಕೇಳಿಸುವುದಿಲ್ಲ. ಹಾಗಾಗಿ ಇಲ್ಲಿಯ ಹೆಂಗಸರು ಹತ್ತಿರ ಬಂದಾಗ ಅರ್ಧ ಮಾತಾಡಿ, ಉಳಿದರ್ಧವನ್ನು ಮುಂದಿನ ಬೆಡ್‌ಶೀಟಿಗೆ ಇಟ್ಟುಕೊಳ್ಳುತ್ತಾರೆ.

"ನಾಳೆಯಿಂದ ನಾನು ಬರಲ್ಲ ಅಕ್ಕ," ಎಂದಳು ಇಸ್ತ್ರಿ ಮಾಡುವವಳು.

ಒಗೆಯುವ ಯಂತ್ರ ನೋಡಿಕೊಳ್ಳುವ ಅಕ್ಕ ಹಿಂದೆ ಸರಿದು, ಇನ್ನೊಂದನ್ನು ಕೊಡವಿ ಹತ್ತಿರ ಬಂದ ಮೇಲೆ ಕೇಳಿದಳು. "ಬೇರೆ ಕಡೆ ಕೆಲಸ ಸಿಕ್ತಾ?"

"ಮನೆಗೆ ಹೋಗ್ತಿದ್ದೀನಿ. ಅದೇ ಮನೆಗೆ. ಇವತ್ತು ಅತ್ತೆ ಕರ್ಕೊಂಡು ಹೋಗೋಕೆ ಬರ್ತಾರೆ."

ಅಕ್ಕ ನಿಂತುಬಿಟ್ಟಳು. "ನೀನು ಇಲ್ಲಿಗೆ ಬಂದಾಗ ಈ ಕೈ ಮೇಲೆತ್ತೋಕೆ ಆಗ್ತಿರಲಿಲ್ಲ. ನಿನ್ನ ತುದಿಯನ್ನೂ ನಾನೇ ಹಿಡಿದ ಹಾಗೆ ಕೆಲಸ ಮಾಡ್ದೆ. ಎಲ್ಲ ಸುಮ್ನೆ ಹೋಯ್ತು ಅನ್ನು."

"ಅವರು ಕುಡಿಯೋದು ಬಿಟ್ಟಿದ್ದಾರಂತೆ."

"ಅಂತೆ."

"ನನ್ನ ರೂಮು ನೀನೂ ನೋಡಿದ್ದೀಯಲ್ಲ. ಗೋಡೆಯಿಂದ ನೀರು ಇಳಿಯುತ್ತೆ, ಮಗಳ ಕೆಮ್ಮು ನಿಲ್ತಿಲ್ಲ. ಕತ್ತಲಾದ್ರೆ ಸಾಕು, ಮನೆ ಮಾಲೀಕ ನಲ್ಲಿ ಸರಿ ಇದೆಯಾ ನೋಡ್ತೀನಿ ಅಂತ ಬಾಗಿಲು ತಟ್ತಾನೆ. ನಲ್ಲಿ ಕೆಟ್ಟೇ ಇಲ್ಲ. ಹೊಡೆಯೋದಾದ್ರೂ ಅಲ್ಲಿ ಒಬ್ಬರೇ ಹೊಡೀತಾರೆ ಅಕ್ಕ. ಇಲ್ಲಿ ಯಾರಿಗೆ ಹೆದರಬೇಕು ಅಂತಾನೇ ಗೊತ್ತಾಗಲ್ಲ."

"ಆ ನಲ್ಲಿ ರಿಪೇರಿಯವನನ್ನ ಇಲ್ಲಿಗೆ ಕಳಿಸು. ನನ್ನ ಡ್ರಮ್ಮಿಗೆ ಹಾಕಿ ಎರಡು ಸುತ್ತು ತಿರುಗಿಸಿ ಕೊಡ್ತೀನಿ." ಅಕ್ಕನಿಗೆ ತಮಾಷೆ ಮಾಡದಿದ್ದರೆ ಉಸಿರು ಕಟ್ಟುತ್ತದೆ. ಆದರೆ ಇಬ್ಬರೂ ನಗಲಿಲ್ಲ. "ಮಗು ಏನನ್ನುತ್ತೆ?"

"ಅಲ್ಲಿ ಅಪ್ಪನೂ ಇರ್ತಾರಾ ಅಂತ ಕೇಳಿದಳು." ಅಷ್ಟು ಹೇಳಿ ಅವಳು ಮಡಿಸಿದ್ದನ್ನು ರಾಶಿಯ ಮೇಲಿಟ್ಟಳು.

ಮಧ್ಯಾಹ್ನ ಅತ್ತೆ ಬಂದರು. ಹಬೆಯಲ್ಲಿ ಎಲ್ಲರೂ ಬೆವರಿಳಿಸುತ್ತಿದ್ದರೆ ಅವರು ಮಾತ್ರ ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡಿದ್ದರು. ರಾಶಿ ನೋಡಿ, "ಇನ್ನೂ ಇಷ್ಟಿದೆಯಾ? ನಾನೂ ಒಂದು ಕೈ ಹಾಕ್ತೀನಿ," ಎಂದರು.

"ಹಿಡ್ಕೊಳ್ಳಿ ಹಾಗಾದ್ರೆ," ಎಂದು ಅಕ್ಕ ತನ್ನ ತುದಿಯನ್ನು ಅವರ ಕೈಗೆ ತುರುಕಿ ಯಂತ್ರದ ಕಡೆ ಹೋದಳು.

ಅತ್ತೆ ಸೊಸೆ ಎದುರುಬದುರಾದರು.

"ಅವನು ಮೊದಲಿನ ಹಾಗಿಲ್ಲ ಕಣಮ್ಮ. ಮಗಳು ಮಗಳು ಅಂತ ಹಲುಬ್ತಾನೆ," ಎಂದರು ಅತ್ತೆ, ಹತ್ತಿರ ಬಂದಾಗ. ಮತ್ತೊಮ್ಮೆ ಹತ್ತಿರ ಬಂದಾಗ, "ನನ್ನ ಕಾಲದಲ್ಲಿ ನಾನು ಏಟು ತಿಂದಿಲ್ವಾ? ಮನೆ ಬಿಟ್ಟೆನಾ? ಹಾಗಂತ ಅವನು ಮಾಡಿದ್ದು ಸರಿ ಅನ್ನಲ್ಲ. ಆದ್ರೆ ಮಗುಗೆ ಒಂದು ಸೂರು ಬೇಡ್ವಾ? ಒಬ್ಬಳೇ ಎಷ್ಟು ದಿನ ಅಂತ ಹೆಣಗ್ತೀಯ?"

ಸೊಸೆ ತಲೆಯಾಡಿಸುತ್ತಿದ್ದಳು. ಅತ್ತೆ ಕೆಟ್ಟವರೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಏಟು ಶುರುವಾದರೆ ಅವರು ತಮ್ಮ ಕೋಣೆಗೆ ಹೋಗಿ, ಸದ್ದಾಗದ ಹಾಗೆ ಚಿಲಕ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಎದ್ದರೆ ಅಡುಗೆಮನೆಯ ಕಿಟಕಿಯಲ್ಲಿ ಮುಲಾಮಿನ ಟ್ಯೂಬು ಇರುತ್ತಿತ್ತು. ಇಟ್ಟವರೂ ಮಾತಾಡುತ್ತಿರಲಿಲ್ಲ, ಹಚ್ಚಿಕೊಂಡವಳೂ ಮಾತಾಡುತ್ತಿರಲಿಲ್ಲ.

ಯೋಚನೆಯಲ್ಲಿದ್ದ ಅವಳು ಅಭ್ಯಾಸಬಲದಿಂದ ಬೆಡ್‌ಶೀಟನ್ನು ಜೋರಾಗಿ ಜಗ್ಗಿದಳು. ಅತ್ತೆ "ಅಮ್ಮಾ" ಎಂದು ತುದಿ ಬಿಟ್ಟು, ಮೊಣಕೈ ಅವುಚಿಕೊಂಡು ಕುಕ್ಕರಿಸಿದರು. ಒಗೆದ ಬಟ್ಟೆ ನೆಲಕ್ಕೆ ಬಿತ್ತು. ಸೊಸೆ ಓಡಿ ಬಂದು, ಬೇಡ ಬೇಡ ಎನ್ನುತ್ತಿದ್ದಂತೆ ತೋಳಿನ ಗುಂಡಿ ಬಿಚ್ಚಿದಳು. ಕೈ ಬಾತು ನೀಲಿಗಟ್ಟಿತ್ತು. ಅಂಗಿತೋಳಿನ ಒಳಮಗ್ಗುಲಲ್ಲಿ, ಒಗೆದರೂ ಹೋಗದ ಅಂಗೈಯಗಲ ಕಂದು ಕಲೆ.

ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ಬಟ್ಟೆಗೆ ಕಚ್ಚಿಕೊಂಡುಬಿಡುತ್ತದೆ. ತಣ್ಣೀರಿನಲ್ಲಿ ನೆನೆಸಬೇಕು. ಇದನ್ನು ಅವಳು ಲಾಂಡ್ರಿಯಲ್ಲಿ ಕಲಿತದ್ದಲ್ಲ, ಆ ಮನೆಯ ಬಚ್ಚಲಲ್ಲಿ ಕಲಿತದ್ದು. ಅವಳು ಅಲ್ಲಿದ್ದಷ್ಟು ದಿನ ಅತ್ತೆಗೆ ಅದರ ಅಗತ್ಯ ಬಿದ್ದಿರಲಿಲ್ಲ.

"ಬಚ್ಚಲಲ್ಲಿ ಜಾರಿ ಬಿದ್ದೆ," ಎಂದರು ಅತ್ತೆ.

"ಆ ಬಚ್ಚಲಲ್ಲಿ ನಾನೂ ಬಹಳ ಸಲ ಬಿದ್ದಿದ್ದೀನಿ ಅತ್ತೆ."

ಯಂತ್ರ ಒಂದು ಸುತ್ತು ಮುಗಿಸಿ ನಿಂತಿತು.

"ಕುಡಿಯೋದು ಬಿಟ್ಟಿದ್ದು ನಿಜ ಕಣಮ್ಮ," ಅತ್ತೆಯ ದನಿ ಇಳಿದಿತ್ತು. "ಈಗ ಕುಡಿಯದೇನೇ ಹೊಡೀತಾನೆ. ಊಟ ಆರಿಹೋಗಿತ್ತು ಅಂತ. ನೀನಿದ್ದಾಗ ನನ್ನ ತಂಟೆಗೆ ಬರ್ತಿರಲಿಲ್ಲ." ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೇ ಗೊತ್ತಾಯಿತು. ಮುಖ ಬೇರೆ ಕಡೆ ತಿರುಗಿಸಿದರು. "ಅವಳನ್ನ ಕರ್ಕೊಂಡು ಬರದಿದ್ರೆ ನೀನೂ ಬರಬೇಡ ಅಂದಿದ್ದಾನೆ."

ಸೊಸೆಗೆ ಮೊದಲು ಆದದ್ದು ಒಂದು ಕೆಟ್ಟ ಖುಷಿ. 'ಈಗ ಗೊತ್ತಾಯ್ತಾ' ಎಂಬ ಮಾತು ಗಂಟಲಿನ ತನಕ ಬಂತು. ಬಾತ ಕೈ ನೋಡಿ ಅದನ್ನು ನುಂಗಿದಳು.

ಅತ್ತೆಯ ಚೀಲದಲ್ಲಿ ಫೋನು ಬಡಿದುಕೊಂಡಿತು. ಅವರು ಅದನ್ನು ಕೈಗೆತ್ತಿಕೊಂಡರು, ಒತ್ತಲು ಧೈರ್ಯವಾಗಲಿಲ್ಲ. ಸೊಸೆ ತೆಗೆದುಕೊಂಡಳು.

"ಹೊರಟ್ರಾ?" ದನಿ ಮೆತ್ತಗೆ, ಸಲಿಗೆಯಿಂದಲೇ ಇತ್ತು.

"ನಾನು ಬರಲ್ಲ."

"ಅಮ್ಮನಿಗೆ ಕೊಡು."

ಅವಳು ಅತ್ತೆಯ ಮುಖ ನೋಡಿದಳು. ಅವರು ತಲೆಯನ್ನು ಕಂಡೂ ಕಾಣದಷ್ಟು ಅಡ್ಡಡ್ಡ ಆಡಿಸಿದರು.

"ಅವರೂ ಬರಲ್ಲ." ಬೈಗುಳ ಶುರುವಾಗುವ ಮೊದಲೇ ಫೋನು ಆರಿಸಿದಳು.

"ಅವನ ಊಟ..." ಎಂದರು ಅತ್ತೆ.

"ಹಸಿವಾದ್ರೆ ಒಲೆ ಎಲ್ಲಿದೆ ಅಂತ ಹುಡುಕ್ಕೋತಾನೆ." ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದು ಇದೇ ಮೊದಲು. "ಕ್ಷಮಿಸಿದ್ದೀನಿ ಅಂದ್ಕೋಬೇಡಿ ಅತ್ತೆ. ನೀವು ಚಿಲಕ ಹಾಕ್ಕೊಳ್ತಿದ್ದದ್ದು ನಾನು ಮರೆಯಲ್ಲ. ರೂಮು ಚಿಕ್ಕದು, ಗೋಡೆ ಒದ್ದೆ. ಮೊದಲು ಈ ಕೈ ಡಾಕ್ಟರಿಗೆ ತೋರಿಸೋಣ. ಅಲ್ಲಿ ಬಚ್ಚಲ ಕಥೆ ಹೇಳಬೇಡಿ."

ಡಾಕ್ಟರ ಹತ್ತಿರ ಹೋಗಿ ಶಾಲೆಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ಹೊರಟುಹೋಗಿದ್ದರು. ಗೇಟಿನಲ್ಲಿ ಒಬ್ಬಳೇ ನಿಂತಿದ್ದ ಮಗಳು ಅಜ್ಜಿಯನ್ನು ಕಂಡು ಒಂದು ಹೆಜ್ಜೆ ಹಿಂದಿಟ್ಟಳು. ಬಗ್ಗಿ ಅವರ ಬೆನ್ನ ಹಿಂದೆ ನೋಡಿದಳು, ರಸ್ತೆಯ ಆ ತುದಿಯವರೆಗೂ ನೋಡಿದಳು.

"ನಾನೊಬ್ಬಳೇ ಬಂದಿದ್ದೀನಿ ಪುಟ್ಟಿ," ಎಂದರು ಅಜ್ಜಿ, ಕೊರಳಿಗೆ ಕಟ್ಟಿದ ಪಟ್ಟಿಯೊಳಗಿನ ಕೈಯನ್ನು ಮುಚ್ಚಿಕೊಳ್ಳುತ್ತಾ.

ಮಗಳು ಅಮ್ಮನ ಬೆರಳು ಹಿಡಿದಳು. ಅಜ್ಜಿಯ ಕೈ ಹಿಡಿಯಲಿಲ್ಲ. ಅಜ್ಜಿ ಕೇಳಲೂ ಇಲ್ಲ, ಸ್ವಲ್ಪ ಹಿಂದೆಯೇ ನಡೆದುಬಂದರು.

ದೊಡ್ಡ ರಸ್ತೆ ದಾಟುವಲ್ಲಿ ಸೊಸೆ ನಿಂತಳು. ವಾಹನಗಳ ನಡುವೆ ಒಮ್ಮೆ ದಾರಿ ಬಿಟ್ಟಿತು, ಅವಳು ದಾಟಲಿಲ್ಲ. ತಿರುಗಿ ನೋಡದೆ, ಅತ್ತೆ ಬಂದು ಪಕ್ಕದಲ್ಲಿ ನಿಲ್ಲುವ ತನಕ ಕಾದಳು. ಆಮೇಲೆ ಮೂವರೂ ದಾಟಿದರು.